ವಿಮಾನಯಾನದಲ್ಲಿ ಬಿಡಿ ಶುಲ್ಕಗಳು: ವರ್ತಕರಿಗೆ ಒಂದು ಪಾಠ

ಮುಖ್ಯ ಸರಕಿನ ಬೆಲೆಯನ್ನು ಕಡಿಮೆ ತೋರಿಸಿ, ಅದರೊಡನೆ ಸೇರಿಕೊಂಡೇ ಬರುತ್ತಿದ್ದ ಸೌಲಭ್ಯಗಳಿಗೆ ಪ್ರತ್ಯೇಕ ಹಣ ಪಡೆಯುವ ಪದ್ಧತಿ ವ್ಯಾಪಾರ ಜಗತ್ತಿಗೆ ಹೊಸದೇನಲ್ಲ. ಸರಕಿನ ಬೆಲೆಯ ಕೆಳಗೆ ಪ್ಯಾಕಿಂಗ್, ಹಮಾಲಿ, ಲಾರಿ ಬಾಡಿಗೆ ಎಂದು ಒಂದೊಂದಾಗಿ ಸೇರುತ್ತ ಹೋಗುವ ಬಿಲ್ಲು ಎಲ್ಲ ವರ್ತಕರಿಗೂ ಪರಿಚಿತವೇ. ಆದರೆ ಈ ಪದ್ಧತಿ ಒಂದು ಇಡೀ ಉದ್ಯಮದ ಸ್ವರೂಪವನ್ನೇ ಬದಲಿಸಿದ್ದು ವಿಮಾನಯಾನದಲ್ಲಿ. ಪ್ರಯಾಣಿಕನ ಲಗೇಜಿಗೂ ಅವನು ಕುಡಿಯುವ ಪಾನೀಯಕ್ಕೂ ಬೇರೆ ಬೇರೆ ದರ ನಿಗದಿಪಡಿಸಿದ ಈ ಪ್ರಯೋಗದಲ್ಲಿ ಲಗೇಜಿನ ಶುಲ್ಕ ಉಳಿಯಿತು, ಪಾನೀಯದ ಶುಲ್ಕ ಏಳು ತಿಂಗಳಲ್ಲಿ ಬಿದ್ದುಹೋಯಿತು. ಇದಕ್ಕೆ ಕಾರಣವೇನೆಂದು ತಿಳಿದರೆ, ತನ್ನ ಬಿಲ್ಲಿನಲ್ಲಿ ಯಾವುದನ್ನು ಬೇರ್ಪಡಿಸಬಹುದು, ಯಾವುದನ್ನು ಬೇರ್ಪಡಿಸಿದರೆ ಗಿರಾಕಿ ಕೈತಪ್ಪುತ್ತಾನೆ ಎಂಬುದನ್ನು ಸಣ್ಣ ಉದ್ಯಮಿಯೂ ನಿರ್ಧರಿಸಬಹುದು.

2008ರ ಹಿನ್ನೆಲೆ

ಯೂರೋಪಿನಲ್ಲಿ ಫ್ಲೈಬೀ, ರಯನೇರ್‌ನಂತಹ ಕಡಿಮೆ ದರದ ಸಂಸ್ಥೆಗಳು 2006ರಲ್ಲಿಯೇ ಚೆಕ್-ಇನ್ ಲಗೇಜಿಗೆ ಶುಲ್ಕ ಆರಂಭಿಸಿದ್ದವು. ಆದರೆ ದೊಡ್ಡ ಸಂಸ್ಥೆಗಳನ್ನು ಈ ದಾರಿಗೆ ತಂದದ್ದು ಇಂಧನದ ಬೆಲೆ. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಟಿಕೆಟ್ ದರ ಏರಿಸಿದರೆ ಪ್ರಯಾಣಿಕ ಪಕ್ಕದ ಸಂಸ್ಥೆಗೆ ಹೋಗುತ್ತಾನೆ, ಏರಿಸದಿದ್ದರೆ ನಷ್ಟ ತಪ್ಪದು ಎಂಬ ಇಕ್ಕಟ್ಟಿನಲ್ಲಿ ಅಮೆರಿಕದ ಸಂಸ್ಥೆಗಳು ಸಿಲುಕಿದ್ದವು.

ಆ ವರ್ಷದ ಆರಂಭದಲ್ಲಿ ಯುನೈಟೆಡ್ ಸಂಸ್ಥೆ ಎರಡನೆಯ ಲಗೇಜಿಗೆ 25 ಡಾಲರ್ ಶುಲ್ಕ ಪ್ರಕಟಿಸಿತು. ಜೂನ್ 15ರಿಂದ ಅಮೆರಿಕನ್ ಏರ್‌ಲೈನ್ಸ್ ಮೊದಲನೆಯ ಲಗೇಜಿಗೇ 15 ಡಾಲರ್ ಶುಲ್ಕ ಜಾರಿಗೆ ತಂದಿತು. ಕೆಲವೇ ತಿಂಗಳುಗಳಲ್ಲಿ ಉಳಿದ ಬಹುತೇಕ ದೊಡ್ಡ ಸಂಸ್ಥೆಗಳು ಇದೇ ಹಾದಿ ಹಿಡಿದವು. ಅಮೆರಿಕದ ಸಂಸ್ಥೆಗಳು ಲಗೇಜು ಶುಲ್ಕದಿಂದ 2008ರಲ್ಲಿ ಸುಮಾರು 115 ಕೋಟಿ ಡಾಲರ್, 2009ರಲ್ಲಿ ಸುಮಾರು 270 ಕೋಟಿ ಡಾಲರ್, 2010ರಲ್ಲಿ ಸುಮಾರು 340 ಕೋಟಿ ಡಾಲರ್ ಗಳಿಸಿದವು. 2019ರಲ್ಲಿ ಈ ಮೊತ್ತ 570 ಕೋಟಿ ಡಾಲರ್ ಮೀರಿತು. ತೈಲದ ಬೆಲೆ 2008ರ ಕೊನೆಯಲ್ಲಿಯೇ ಕುಸಿದಿತ್ತೆಂಬುದು ಇಲ್ಲಿ ಗಮನಾರ್ಹ. ಶುಲ್ಕಕ್ಕೆ ಕೊಟ್ಟ ಕಾರಣ ಹೋಯಿತು, ಶುಲ್ಕ ಮಾತ್ರ ಹೋಗಲಿಲ್ಲ.

ಎರಡು ಡಾಲರಿನ ನೀರು

ಇದೇ ಅವಧಿಯಲ್ಲಿ ಯು.ಎಸ್. ಏರ್‌ವೇಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2008ರ ಆಗಸ್ಟ್ 1ರಿಂದ ದೇಶೀಯ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ತಂಪು ಪಾನೀಯಕ್ಕೂ ಬಾಟಲಿ ನೀರಿಗೂ 2 ಡಾಲರ್, ಕಾಫಿ ಮತ್ತು ಚಹಾಕ್ಕೆ 1 ಡಾಲರ್ ದರ ವಿಧಿಸಿತು. ಲಗೇಜಿನ ಶುಲ್ಕವನ್ನು ಅನುಸರಿಸಿದ ಇತರ ದೊಡ್ಡ ಸಂಸ್ಥೆಗಳು ಇದನ್ನು ಅನುಸರಿಸಲಿಲ್ಲ. ಸ್ಪರ್ಧೆಯಲ್ಲಿ ತನಗೆ ಹಿನ್ನಡೆಯಾಗುತ್ತಿದೆಯೆಂದು ಕಂಡುಕೊಂಡ ಸಂಸ್ಥೆ 2009ರ ಮಾರ್ಚ್ 1ರಿಂದ ಈ ಶುಲ್ಕವನ್ನು ಹಿಂತೆಗೆದುಕೊಂಡಿತು.

ಲಗೇಜಿನ 15 ಡಾಲರನ್ನು ಗೊಣಗುತ್ತಲೇ ಕೊಟ್ಟ ಪ್ರಯಾಣಿಕ ನೀರಿನ 2 ಡಾಲರಿಗೆ ಏಕೆ ಸಿಟ್ಟಾಗುತ್ತಾನೆ? ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಖರ್ಚಿನ ಪ್ರತ್ಯಕ್ಷತೆ. ಲಗೇಜನ್ನು ತೂಗಬೇಕು, ಚೀಟಿ ಅಂಟಿಸಬೇಕು, ಹೊತ್ತು ಏರಿಸಿ ಇಳಿಸಬೇಕು, ಅದರ ಭಾರಕ್ಕೆ ಇಂಧನ ಸುಡಬೇಕು. ಈ ಶ್ರಮ ಪ್ರಯಾಣಿಕನ ಕಣ್ಣಿಗೆ ಕಾಣುತ್ತದೆ. ಒಂದು ಲೋಟ ನೀರಿನ ಹಿಂದೆ ಅಂತಹ ಖರ್ಚು ಅವನಿಗೆ ಕಾಣುವುದಿಲ್ಲ.

ಎರಡನೆಯದು, ಪರ್ಯಾಯದ ಲಭ್ಯತೆ. ಲಗೇಜು ಬೇಡವೆನಿಸಿದರೆ ಪ್ರಯಾಣಿಕ ಮನೆಯಲ್ಲಿಯೇ ಬಿಡಬಹುದು ಅಥವಾ ಕಡಿಮೆ ಮಾಡಬಹುದು. ಬಾಯಾರಿಕೆಯನ್ನು ಮನೆಯಲ್ಲಿ ಬಿಟ್ಟು ಬರಲಾಗದು. ಅಷ್ಟೇ ಅಲ್ಲ, 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕಗಳ ಸಂಚು ಬಯಲಾದ ಮೇಲೆ ತುಂಬಿದ ನೀರಿನ ಬಾಟಲಿಯನ್ನು ಭದ್ರತಾ ತಪಾಸಣೆಯಲ್ಲಿ ಬಿಟ್ಟುಹೋಗುವುದು ಕಡ್ಡಾಯವಾಗಿತ್ತು. ಮನೆಯಿಂದ ತಂದ ನೀರನ್ನು ಕೆಳಗೆ ಬಿಡಿಸಿ, ಮೇಲೆ ಅದೇ ನೀರನ್ನು ಮಾರುವುದು ಪ್ರಯಾಣಿಕನಿಗೆ ಅನ್ಯಾಯವೆಂದೇ ತೋರುತ್ತದೆ. ನಿಯಮ ಸರ್ಕಾರದ್ದು, ಮಾರಾಟ ಸಂಸ್ಥೆಯದು ಎಂಬ ವ್ಯತ್ಯಾಸ ಅವನ ಸಿಟ್ಟನ್ನು ತಗ್ಗಿಸುವುದಿಲ್ಲ.

ಮೂರನೆಯದು, ವಸೂಲಿಯ ಶ್ರಮ. ಲಗೇಜಿನ ಹಣ ಕೌಂಟರಿನಲ್ಲಿ ಅಥವಾ ಟಿಕೆಟ್ ಕಾಯ್ದಿರಿಸುವಾಗ ಒಮ್ಮೆಲೇ ಸಂದಾಯವಾಗುತ್ತದೆ. ಪಾನೀಯದ ಹಣವನ್ನು ಸಾಲುಸಾಲಾಗಿ ಪ್ರತಿ ಆಸನದ ಬಳಿ ನಿಂತು ಪಡೆಯಬೇಕು. ಉಪಚಾರಕ್ಕೆಂದು ನೇಮಕವಾದ ಸಿಬ್ಬಂದಿ ಮಾರಾಟಕ್ಕೆ ಇಳಿದಾಗ, ಗಳಿಕೆಯ ಒಂದು ಭಾಗ ವಸೂಲಿಯಲ್ಲಿಯೇ ಕರಗುತ್ತದೆ.

ಲೆಕ್ಕದ ಕನ್ನಡಿಯಲ್ಲಿ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ವಿಮಾನದಲ್ಲಿ 150 ಪ್ರಯಾಣಿಕರು. ಎಲ್ಲವೂ ಸೇರಿ ಟಿಕೆಟ್ ದರ ರೂ. 4,000, ಒಟ್ಟು ವರಮಾನ ರೂ. 6,00,000. ಅವರಲ್ಲಿ 90 ಮಂದಿ ತಲಾ ಒಂದು ಲಗೇಜು ಒಪ್ಪಿಸುತ್ತಾರೆ. ಒಂದು ಲಗೇಜಿನ ನಿರ್ವಹಣೆಗೆ ರೂ. 300ರಂತೆ ಒಟ್ಟು ಖರ್ಚು ರೂ. 27,000. ಇದನ್ನು 150 ಮಂದಿಗೆ ಹಂಚಿದರೆ ತಲೆಗೆ ರೂ. 180. ಅಂದರೆ ಬರಿಗೈಯಲ್ಲಿ ಬಂದ 60 ಮಂದಿ ಇತರರ ಲಗೇಜಿಗೂ ತಲಾ ರೂ. 180 ತೆರುತ್ತಿದ್ದಾರೆ.

ಮೊದಲ ಕ್ರಮ: ಸಂಸ್ಥೆ ಟಿಕೆಟ್ ದರವನ್ನು ರೂ. 3,820ಕ್ಕೆ ಇಳಿಸಿ, ಲಗೇಜಿಗೆ ರೂ. 300 ವಿಧಿಸುತ್ತದೆ. ಟಿಕೆಟ್ಟಿನಿಂದ ರೂ. 5,73,000, ಲಗೇಜಿನಿಂದ ರೂ. 27,000, ಒಟ್ಟು ಅದೇ ರೂ. 6,00,000. ಲಗೇಜಿಲ್ಲದವನಿಗೆ ರೂ. 180 ಉಳಿತಾಯ, ಲಗೇಜು ಇರುವವನಿಗೆ ರೂ. 120 ಹೆಚ್ಚುವರಿ. ಇದು ‘ಕಾಸಿಗೆ ತಕ್ಕ ಕಜ್ಜಾಯ’. ಯಾರಿಗೂ ಅನ್ಯಾಯವಾಗಲಿಲ್ಲ.

ಎರಡನೆಯ ಕ್ರಮ: ಟಿಕೆಟ್ ದರ ರೂ. 4,000 ಹಾಗೆಯೇ ಇರುತ್ತದೆ, ಲಗೇಜಿಗೆ ರೂ. 500 ಹೊಸದಾಗಿ ಸೇರುತ್ತದೆ. 90 ಮಂದಿಯಲ್ಲಿ 30 ಮಂದಿ ಲಗೇಜನ್ನು ಕೈಯಲ್ಲಿಯೇ ಹಿಡಿದು ಒಳಗೆ ಹೋಗುತ್ತಾರೆ. 60 ಮಂದಿ ಶುಲ್ಕ ಕೊಡುತ್ತಾರೆ. ಶುಲ್ಕದಿಂದ ರೂ. 30,000, ನಿರ್ವಹಣಾ ಖರ್ಚಿನ ಉಳಿತಾಯ ರೂ. 9,000, ಒಟ್ಟು ಲಾಭ ರೂ. 39,000. ಪ್ರಯಾಣಿಕನಿಗೆ ಲಾಭವೇನೂ ಇಲ್ಲ.

ಎರಡೂ ಕ್ರಮಗಳಿಗೆ ಹೆಸರು ಒಂದೇ, ಸ್ವಭಾವ ಬೇರೆ. ಮೊದಲನೆಯದು ಬೆಲೆಯ ವಿಂಗಡಣೆ. ಎರಡನೆಯದು ವಿಂಗಡಣೆಯ ವೇಷದಲ್ಲಿರುವ ಬೆಲೆ ಏರಿಕೆ. ಯಾವುದೇ ಬಿಡಿ ಶುಲ್ಕವನ್ನು ಪರಿಶೀಲಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೆಂದರೆ, ಬೇರ್ಪಡಿಸಿದಷ್ಟು ಮೊತ್ತ ಮೂಲ ಬೆಲೆಯಲ್ಲಿ ಇಳಿದಿದೆಯೇ ಎಂಬುದು.

ಸೇವೆಯ ಗುಣಮಟ್ಟದ ಮೇಲೆ ಪರಿಣಾಮ

ಶುಲ್ಕ ಬಂದೊಡನೆ ಪ್ರಯಾಣಿಕರ ನಡವಳಿಕೆ ಬದಲಾಯಿತು. ಲಗೇಜು ವಿಮಾನದ ಹೊಟ್ಟೆಯಿಂದ ಆಸನದ ಮೇಲಿನ ಕಪಾಟಿಗೆ ಏರಿತು. ಕಪಾಟು ಬೇಗ ತುಂಬುವ ಕಾರಣ ಮೊದಲು ಹತ್ತಲು ನೂಕುನುಗ್ಗಲು ಆರಂಭವಾಯಿತು. ಸ್ಥಳ ಸಿಗದ ಚೀಲಗಳನ್ನು ಕೊನೆಯ ಗಳಿಗೆಯಲ್ಲಿ ಕೆಳಗೆ ಕಳುಹಿಸಬೇಕಾಯಿತು. ಮುಂಚಿತವಾಗಿ ಹತ್ತುವ ಅವಕಾಶವೇ ಮಾರಾಟದ ಇನ್ನೊಂದು ಸರಕಾಯಿತು. 2010ರ ಆಗಸ್ಟ್ 1ರಿಂದ ಸ್ಪಿರಿಟ್ ಸಂಸ್ಥೆಯು ಕಪಾಟಿನಲ್ಲಿಡುವ ಕೈಚೀಲಕ್ಕೂ ಶುಲ್ಕ ವಿಧಿಸಿತು. ವಿಮಾನ ಹತ್ತುವ ದ್ವಾರದಲ್ಲಿ ಕೊಡುವವನಿಗೆ ಅದು 45 ಡಾಲರ್‌ವರೆಗೂ ಇತ್ತು. ಒಂದು ಶುಲ್ಕ ತಂದ ಸಮಸ್ಯೆಗೆ ಮತ್ತೊಂದು ಶುಲ್ಕವೇ ಪರಿಹಾರವೆನಿಸಿತು.

ಆದರೆ ಚಿತ್ರದ ಇನ್ನೊಂದು ಮುಖವನ್ನೂ ನ್ಯಾಯವಾಗಿ ನೋಡಬೇಕು. ಅಮೆರಿಕದ ಸಾರಿಗೆ ಇಲಾಖೆಯ ಅಂಕಿ ಅಂಶಗಳ ಪ್ರಕಾರ ಲಗೇಜು ಕಳೆದುದು, ತಡವಾದುದು, ಹಾನಿಗೊಂಡುದರ ಬಗ್ಗೆ 2007ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 7 ವರದಿಗಳು ದಾಖಲಾಗಿದ್ದವು. 2009ರಲ್ಲಿ ಇದು ಸುಮಾರು 4ಕ್ಕೆ ಇಳಿಯಿತು. ಆರ್ಥಿಕ ಹಿಂಜರಿತದಿಂದ ವಿಮಾನಗಳ ಸಂಖ್ಯೆ ಇಳಿದದ್ದೂ ಇದಕ್ಕೆ ಒಂದು ಕಾರಣ. ಆದರೂ ಒಪ್ಪಿಸುವ ಲಗೇಜು ಕಡಿಮೆಯಾದಂತೆ ತಪ್ಪುಗಳೂ ಕಡಿಮೆಯಾಗುವುದು ಸಹಜ. 2017ರಲ್ಲಿ ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು, ಲಗೇಜು ಶುಲ್ಕ ವಿಧಿಸಿದ ಮೇಲೆ ವಿಮಾನಗಳು ಹೊರಡುವ ಸಮಯಪಾಲನೆ ಒಟ್ಟಾರೆ ಸುಧಾರಿಸಿತೆಂದು ಕಂಡುಕೊಂಡಿತು. ಒಳಗಿನ ನೂಕುನುಗ್ಗಲಿನಿಂದ ಆದ ವಿಳಂಬಕ್ಕಿಂತ ಕೆಳಗೆ ಲಗೇಜು ತುಂಬುವುದರಲ್ಲಿ ಆದ ಉಳಿತಾಯ ಹೆಚ್ಚಾಗಿತ್ತು.

ಶುಲ್ಕದ ಹೊರೆ ಯಾರ ಮೇಲೆ ಬಿತ್ತು ಎಂಬುದು ಮುಂದಿನ ಪ್ರಶ್ನೆ. ಮೇಲಿನ ದರ್ಜೆಯವರು, ಪದೇ ಪದೇ ಪ್ರಯಾಣಿಸುವ ಸದಸ್ಯರು, ಸಂಸ್ಥೆಯ ಹೆಸರಿನ ಕ್ರೆಡಿಟ್ ಕಾರ್ಡ್ ಉಳ್ಳವರು ಬಹುಮಟ್ಟಿಗೆ ವಿನಾಯಿತಿ ಪಡೆದರು. ವರ್ಷಕ್ಕೊಮ್ಮೆ ಮಕ್ಕಳೊಡನೆ ಊರಿಗೆ ಹೋಗುವ ಕುಟುಂಬ ಪೂರ್ಣ ಶುಲ್ಕ ತೆತ್ತಿತು. ಶುಲ್ಕ ಕೊಟ್ಟ ಮೇಲೆ ಸೇವೆ ದೊರೆಯದಿದ್ದರೆ ಹಣ ಹಿಂದಿರುಗಿಸಬೇಕೆಂಬ ನಿಯಮವೂ ತಡವಾಗಿ ಬಂದಿತು. ಲಗೇಜು ಕಳೆದುಹೋದರೆ ಶುಲ್ಕ ಮರಳಿಸಬೇಕೆಂದು ಅಮೆರಿಕದಲ್ಲಿ 2011ರಲ್ಲಿ ಆದೇಶವಾಯಿತು. ದೇಶೀಯ ಪ್ರಯಾಣದಲ್ಲಿ ಲಗೇಜು 12 ಗಂಟೆಗಳೊಳಗೆ ತಲುಪದಿದ್ದರೂ ಶುಲ್ಕ ಮರಳಿಸಬೇಕೆಂಬ ನಿಯಮ 2024ರಲ್ಲಿ ಬಂದಿತು. ಪ್ರತ್ಯೇಕ ಹಣ ಪಡೆದವನು ಪ್ರತ್ಯೇಕ ಹೊಣೆಯನ್ನೂ ಹೊರಬೇಕೆಂಬುದು ಇದರ ತಿರುಳು.

ತೆರಿಗೆ ಮತ್ತು ಲೆಕ್ಕಪತ್ರ

ಬಿಡಿ ಶುಲ್ಕಗಳ ಹಿಂದೆ ತೆರಿಗೆಯ ಅನುಕೂಲವೂ ಇತ್ತು. ಅಮೆರಿಕದಲ್ಲಿ ದೇಶೀಯ ವಿಮಾನ ಟಿಕೆಟ್ ದರದ ಮೇಲೆ ಶೇ. 7.5ರ ಅಬಕಾರಿ ತೆರಿಗೆ ಇದೆ. ಪ್ರಯಾಣಿಕನ ಇಚ್ಛೆಗೆ ಬಿಟ್ಟ ಲಗೇಜು ಶುಲ್ಕಕ್ಕೆ ಅದು ಅನ್ವಯಿಸುವುದಿಲ್ಲ. 100 ಡಾಲರಿನ ಟಿಕೆಟ್ಟಿಗೆ 7.50 ಡಾಲರ್ ತೆರಿಗೆ; ಅದನ್ನೇ 75 ಡಾಲರ್ ಟಿಕೆಟ್, 25 ಡಾಲರ್ ಲಗೇಜು ಎಂದು ಒಡೆದರೆ ತೆರಿಗೆ ಸುಮಾರು 5.63 ಡಾಲರ್. ಈ ತೆರಿಗೆ ಹೋಗುವುದು ವಿಮಾನ ನಿಲ್ದಾಣ ಮತ್ತು ವಾಯುಮಾರ್ಗ ವ್ಯವಸ್ಥೆಯ ನಿಧಿಗೆ. ಆ ನಿಧಿಗೆ ಆಗುವ ಕೊರತೆಯನ್ನು ಗವರ್ನಮೆಂಟ್ ಅಕೌಂಟೆಬಿಲಿಟಿ ಆಫೀಸ್ 2010ರ ವರದಿಯಲ್ಲಿಯೇ ಗುರುತಿಸಿತ್ತು.

ಲೆಕ್ಕಪತ್ರ ಮಾನದಂಡದ ದೃಷ್ಟಿ ಇದಕ್ಕೆ ತದ್ವಿರುದ್ಧ. ಅಮೆರಿಕದಲ್ಲಿ 2018ರಿಂದ ಜಾರಿಗೆ ಬಂದ ವರಮಾನ ಮಾನದಂಡದ ಪ್ರಕಾರ, ಲಗೇಜು ಸಾಗಣೆ ಪ್ರಯಾಣದಿಂದ ಬೇರೆಯಾದ ಸೇವೆಯಲ್ಲ. ಪ್ರಯಾಣವಿಲ್ಲದೆ ಅದಕ್ಕೆ ಅಸ್ತಿತ್ವವೇ ಇಲ್ಲ. ಆದ್ದರಿಂದ ಅದುವರೆಗೆ ‘ಇತರ ವರಮಾನ’ದಲ್ಲಿ ತೋರಿಸುತ್ತಿದ್ದ ಲಗೇಜು ಶುಲ್ಕವನ್ನು ದೊಡ್ಡ ಸಂಸ್ಥೆಗಳು ‘ಪ್ರಯಾಣಿಕ ವರಮಾನ’ಕ್ಕೆ ಸೇರಿಸಿದವು. ಟಿಕೆಟ್ ಕಿಟಕಿಯಲ್ಲಿ ಎರಡು, ಲೆಕ್ಕಪುಸ್ತಕದಲ್ಲಿ ಒಂದು ಎಂಬ ಸ್ಥಿತಿ ಇದು.

ಉಚಿತವನ್ನು ಉಳಿಸಿಕೊಂಡವರು

ಎಲ್ಲರೂ ಶುಲ್ಕ ವಿಧಿಸುತ್ತಿದ್ದಾಗ ಸೌತ್‌ವೆಸ್ಟ್ ಸಂಸ್ಥೆ ಎರಡು ಲಗೇಜುಗಳನ್ನು ಉಚಿತವಾಗಿ ಸಾಗಿಸುತ್ತ, ಅದನ್ನೇ ತನ್ನ ಜಾಹೀರಾತಿನ ಮುಖ್ಯ ಮಾತಾಗಿಸಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಹೂಡಿಕೆದಾರರ ಮುಂದೆ ಸಂಸ್ಥೆ ಇಟ್ಟ ಲೆಕ್ಕ ಅಧ್ಯಯನಯೋಗ್ಯವಾದುದು. ಲಗೇಜು ಶುಲ್ಕ ವಿಧಿಸಿದರೆ 100ರಿಂದ 150 ಕೋಟಿ ಡಾಲರ್ ಬರಬಹುದು. ಆದರೆ ಗಿರಾಕಿಗಳು ಕೈತಪ್ಪುವುದರಿಂದ 180 ಕೋಟಿ ಡಾಲರ್ ಹೋಗಬಹುದು ಎಂಬುದು ಅದರ ಅಂದಾಜಾಗಿತ್ತು. ಶುಲ್ಕದ ಆದಾಯ ಪುಸ್ತಕದಲ್ಲಿ ಕಾಣುತ್ತದೆ. ಬಾರದೆ ಹೋದ ಗಿರಾಕಿ ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಆ ಕಾಣದ ಮೊತ್ತವನ್ನೂ ಲೆಕ್ಕಕ್ಕೆ ತಂದದ್ದು ಈ ಅಂದಾಜಿನ ವೈಶಿಷ್ಟ್ಯ.

ಆದರೆ ಲಾಭ ಹೆಚ್ಚಿಸಬೇಕೆಂಬ ಹೂಡಿಕೆದಾರರ ಒತ್ತಡದ ನಡುವೆ ಸಂಸ್ಥೆ 2025ರ ಮಾರ್ಚ್‌ನಲ್ಲಿ ನಿಲುವು ಬದಲಿಸಿತು. 2025ರ ಮೇ 28ರಿಂದ ಕಾಯ್ದಿರಿಸಿದ ಟಿಕೆಟ್ಟುಗಳಿಗೆ ಮೊದಲ ಲಗೇಜಿಗೆ 35 ಡಾಲರ್, ಎರಡನೆಯದಕ್ಕೆ 45 ಡಾಲರ್ ಶುಲ್ಕ ಜಾರಿಗೆ ಬಂದಿತು. ಗಿರಾಕಿಯ ವಿಶ್ವಾಸಕ್ಕೂ ತ್ರೈಮಾಸಿಕ ಲಾಭಕ್ಕೂ ಪೈಪೋಟಿ ಬಿದ್ದಾಗ ದೊಡ್ಡ ಸಂಸ್ಥೆಗಳೂ ಅಳುಕುತ್ತವೆ ಎಂಬುದಕ್ಕೆ ಇದು ನಿದರ್ಶನ.

ಭಾರತದ ಅನುಭವ

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಬುನಾದಿ ಹಾಕಿದವರು ಕನ್ನಡಿಗರೇ ಆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಅವರು ಬೆಂಗಳೂರಿನಿಂದ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಉಚಿತ ಊಟೋಪಚಾರವನ್ನು ಕೈಬಿಟ್ಟು ಟಿಕೆಟ್ ದರ ಇಳಿಸಿತು. ಅದುವರೆಗೆ ವಿಮಾನ ಹತ್ತದ ಸಾವಿರಾರು ಜನ ಹತ್ತುವಂತಾಯಿತು. ಇದು ಮೇಲಿನ ಉದಾಹರಣೆಯ ಮೊದಲ ಕ್ರಮಕ್ಕೆ ಹತ್ತಿರವಾದುದು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2013ರಲ್ಲಿ ಆಸನದ ಆಯ್ಕೆ, ಊಟ-ಪಾನೀಯ, ಚೆಕ್-ಇನ್ ಲಗೇಜು ಮುಂತಾದ ಸೇವೆಗಳಿಗೆ ಪ್ರತ್ಯೇಕ ಶುಲ್ಕ ಪಡೆಯಲು ಅನುಮತಿ ನೀಡಿತು. ಆದರೆ ಆ ಪಟ್ಟಿಯಿಂದ ಕುಡಿಯುವ ನೀರನ್ನು ಹೊರಗಿಟ್ಟಿತು. ಅಮೆರಿಕದ ಸಂಸ್ಥೆಯೊಂದು ಏಳು ತಿಂಗಳು ಪ್ರಯೋಗ ಮಾಡಿ ಕಲಿತದ್ದನ್ನು ಇಲ್ಲಿ ನಿಯಮವೇ ಮೊದಲು ಹೇಳಿತು. ಬಳಿಕ ಕಡಿಮೆ ದರದ ಸಂಸ್ಥೆಗಳು ಉಚಿತ ಲಗೇಜಿನ ಮಿತಿಯನ್ನು 15 ಕಿಲೋಗೆ ಇಳಿಸಿದವು. 15ರಿಂದ 20 ಕಿಲೋವರೆಗಿನ ಹೆಚ್ಚುವರಿ ತೂಕಕ್ಕೆ ಕಿಲೋಗೆ ರೂ. 100ಕ್ಕಿಂತ ಹೆಚ್ಚು ಪಡೆಯಬಾರದೆಂದು 2016ರಲ್ಲಿ ನಿರ್ದೇಶನಾಲಯ ಆದೇಶಿಸಿತು. 2017ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಮಿತಿಯನ್ನು ರದ್ದುಪಡಿಸಿತು. ಚೆಕ್-ಇನ್ ಲಗೇಜಿಲ್ಲದೆ ಪ್ರಯಾಣಿಸುವವರಿಗೆ ಕಡಿಮೆ ದರದ ಟಿಕೆಟ್ ನೀಡಲು 2021ರ ಫೆಬ್ರುವರಿಯಲ್ಲಿ ಅನುಮತಿ ದೊರೆಯಿತು. ಕೌಂಟರಿನಲ್ಲಿ ತಗಲುವ ಶುಲ್ಕವನ್ನು ಕಾಯ್ದಿರಿಸುವಾಗಲೇ ತಿಳಿಸಬೇಕೆಂಬುದು ಅದರ ಷರತ್ತು.

ಮಾದರಿ ಸರಕನ್ನು ಹೊತ್ತು ಪ್ರದರ್ಶನ, ಮೇಳಗಳಿಗೆ ತೆರಳುವ ಉದ್ಯಮಿಗೆ ಈ ನಿಯಮಗಳು ನೇರವಾಗಿ ಸಂಬಂಧಿಸಿವೆ. ಟಿಕೆಟ್ ದರವನ್ನಷ್ಟೇ ಹೋಲಿಸದೆ ಲಗೇಜು ಸೇರಿದ ಒಟ್ಟು ಖರ್ಚನ್ನು ಹೋಲಿಸಬೇಕು. ಹೆಚ್ಚುವರಿ ತೂಕವನ್ನು ಕೌಂಟರಿನಲ್ಲಿ ಕೊಳ್ಳುವ ಬದಲು ಮುಂಚಿತವಾಗಿ ಕೊಳ್ಳಬೇಕು. ಆ ಶುಲ್ಕಕ್ಕೂ ತನ್ನ ನೋಂದಣಿ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಬೇಕು.

ವರ್ತಕರು ಗಮನಿಸಬೇಕಾದ ಅಂಶಗಳು

1. ಬೇರ್ಪಡಿಸುವ ಮೊದಲು ಇಳಿಸಬೇಕು. ಪ್ಯಾಕಿಂಗ್ ಅಥವಾ ಸಾಗಣೆಯನ್ನು ಪ್ರತ್ಯೇಕಿಸುವವರು ಮೂಲ ಬೆಲೆಯಲ್ಲಿ ಆ ಭಾಗವನ್ನು ಕಡಿಮೆ ಮಾಡಬೇಕು. ಹಳೆಯ ಬಿಲ್ಲನ್ನೂ ಹೊಸ ಬಿಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಗಿರಾಕಿ ಎಲ್ಲ ಊರಿನಲ್ಲಿಯೂ ಇದ್ದಾನೆ.

2. ಬೇಡವೆನ್ನಲು ಸಾಧ್ಯವಿರುವುದಕ್ಕೆ ಮಾತ್ರ ಶುಲ್ಕ. ಗಿರಾಕಿ ತನ್ನದೇ ವಾಹನ ತರಬಹುದಾದರೆ ಸಾಗಣೆಯನ್ನು ಬೇರ್ಪಡಿಸುವುದು ನ್ಯಾಯ. ಪೆಟ್ಟಿಗೆಯಿಲ್ಲದೆ ಒಯ್ಯಲಾಗದ ಗಾಜಿನ ಸರಕಿಗೆ ಪೆಟ್ಟಿಗೆಯ ಹಣ ಬೇರೆ ಕೇಳುವುದು ಎರಡು ಡಾಲರಿನ ನೀರಿಗೆ ಸಮಾನ.

3. ಮೊದಲೇ ತಿಳಿಸಬೇಕು. ಕೊಟೇಶನ್ನಿನಲ್ಲಿ ಇಲ್ಲದ ಮೊತ್ತ ಬಿಲ್ಲಿನಲ್ಲಿ ಕಾಣಬಾರದು. ಅಂತರ್ಜಾಲದಲ್ಲಿ ಮಾರುವವರಿಗೆ ಇದು ಕಾನೂನಿನ ವಿಷಯವೂ ಹೌದು. ಬೆಲೆಯ ಭಾಗಗಳನ್ನು ಮೊದಲು ಮುಚ್ಚಿಟ್ಟು ಕೊನೆಯಲ್ಲಿ ಸೇರಿಸುವುದನ್ನೂ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ.

4. ಒಡೆದ ಬಿಲ್ಲಿನಿಂದ ತೆರಿಗೆ ಉಳಿಯದು. ಅಮೆರಿಕದ ವಿಮಾನ ಸಂಸ್ಥೆಗೆ ದೊರೆತ ಅನುಕೂಲ ಇಲ್ಲಿನ ವರ್ತಕರಿಗೆ ಇಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 15(2)(ಸಿ) ಕಲಮಿನಂತೆ ಪ್ಯಾಕಿಂಗ್ ಮತ್ತು ಕಮಿಷನ್ ಸೇರಿದಂತೆ ಪೂರೈಕೆದಾರನು ವಿಧಿಸುವ ಆನುಷಂಗಿಕ ಖರ್ಚುಗಳು ಪೂರೈಕೆಯ ಮೌಲ್ಯದಲ್ಲಿಯೇ ಸೇರುತ್ತವೆ. ಶೇ. 18ರ ದರದ ಸರಕಿನ ಬೆಲೆ ರೂ. 10,000, ಪ್ಯಾಕಿಂಗ್ ರೂ. 600, ಫಾರ್ವರ್ಡಿಂಗ್ ರೂ. 400 ಇದ್ದರೆ, ರೂ. 11,000ದ ಮೇಲೆ ರೂ. 1,980 ತೆರಿಗೆ ವಿಧಿಸಬೇಕು. ರೂ. 10,000ಕ್ಕೆ ಮಾತ್ರ ವಿಧಿಸಿದವರು ಮುಂದೊಂದು ದಿನ ಉಳಿದ ರೂ. 180ನ್ನು ಬಡ್ಡಿಸಹಿತ ತಮ್ಮ ಕೈಯಿಂದ ಕಟ್ಟಬೇಕಾಗುತ್ತದೆ.

5. ಪ್ರತ್ಯೇಕ ಹಣಕ್ಕೆ ಪ್ರತ್ಯೇಕ ಹೊಣೆ. ಜೋಡಣೆಗೆ ಶುಲ್ಕ ಪಡೆದ ಮೇಲೆ ಜೋಡಣೆ ಸಕಾಲದಲ್ಲಿ ಆಗದಿದ್ದರೆ ಆ ಶುಲ್ಕವನ್ನು ಕೇಳುವ ಮೊದಲೇ ಹಿಂದಿರುಗಿಸುವುದು ಲೇಸು.

6. ಚಿಕ್ಕ ಮೊತ್ತದ ವಸೂಲಿಯ ಖರ್ಚನ್ನು ನೋಡಬೇಕು. ಐದು ರೂಪಾಯಿಯ ಕೈಚೀಲಕ್ಕಾಗಿ ಐದು ಸಾವಿರ ರೂಪಾಯಿಯ ಗಿರಾಕಿಯೊಡನೆ ವಾದಕ್ಕೆ ನಿಲ್ಲುವ ಗುಮಾಸ್ತನ ಸಮಯಕ್ಕೂ ಬೆಲೆಯಿದೆ.

ಉಪಸಂಹಾರ

ಬಿಡಿ ಶುಲ್ಕ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬಳಸಿದವನು ಮಾತ್ರ ತೆರುವಂತೆ ಮಾಡಿದಾಗ ಅದು ನ್ಯಾಯದ ಸಾಧನ. ಬೆಲೆ ಏರಿಕೆಯನ್ನು ಮುಚ್ಚಿಡಲು ಬಳಸಿದಾಗ ಅದು ವಿಶ್ವಾಸದ ಸಾಲ. ವಿಮಾನ ಸಂಸ್ಥೆಗೆ ಒಂದು ಅನುಕೂಲವಿದೆ. ಅನೇಕ ಮಾರ್ಗಗಳಲ್ಲಿ ಅದರ ಹೊರತು ಪ್ರಯಾಣಿಕನಿಗೆ ಬೇರೆ ಗತಿಯಿಲ್ಲ, ಗೊಣಗಿದವನೂ ಮತ್ತೆ ಅದನ್ನೇ ಹತ್ತುತ್ತಾನೆ. ಪೇಟೆಯ ವರ್ತಕನಿಗೆ ಆ ಅನುಕೂಲವಿಲ್ಲ. ಅವನ ಗಿರಾಕಿ ಗೊಣಗುವುದಿಲ್ಲ. ಬಿಲ್ಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಮುಂದಿನ ಸಲ ಎದುರಿನ ಅಂಗಡಿಗೆ ಹೋಗುತ್ತಾನೆ. ಹೊಸ ಶುಲ್ಕವೊಂದನ್ನು ಬಿಲ್ಲಿಗೆ ಸೇರಿಸುವ ಮುನ್ನ, ಅದು ತರುವ ಹಣದ ಜೊತೆಗೆ ಎದುರಿನ ಅಂಗಡಿಗೆ ಹೋಗಬಹುದಾದ ಗಿರಾಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ.